ಬಲಿ ಯಾರದು?
ಖಳನಾಯಕನ ಸುತ್ತ ಕಟ್ಟುವ ಎಲೆಗಳ ಆಟವನ್ನು ಕುರಿತು ಒಂದು ವಿಚಾರ

ಖಳನಿಲ್ಲದ ಕಥೆ ರುಚಿಸುವುದಿಲ್ಲವೆಂಬುದು ನಮ್ಮ ಹಿರಿಯ ಕವಿಗಳಿಗೆ ಚೆನ್ನಾಗಿ ತಿಳಿದಿತ್ತು. ನಾಗಚಂದ್ರನು ತನ್ನ ರಾಮಚಂದ್ರಚರಿತಪುರಾಣದಲ್ಲಿ ರಾವಣನನ್ನು ಗುಣಸಂಪನ್ನನಾಗಿದ್ದೂ ಒಂದು ದೌರ್ಬಲ್ಯದಿಂದ ಕೆಟ್ಟವನನ್ನಾಗಿ ಚಿತ್ರಿಸಿದನು. ರನ್ನನ ಗದಾಯುದ್ಧವನ್ನು ಓದಿ ಮುಗಿಸಿದವರ ಮನಸ್ಸಿನಲ್ಲಿ ಗೆದ್ದ ಭೀಮನಷ್ಟೇ ಆಳವಾಗಿ ಸೋತ ದುರ್ಯೋಧನನೂ ನಿಲ್ಲುತ್ತಾನೆ. ಯಕ್ಷಗಾನದ ರಂಗಸ್ಥಳಕ್ಕೆ ಬಣ್ಣದ ವೇಷ ಬಂದಾಗ ತೂಕಡಿಸುತ್ತಿದ್ದ ಮಕ್ಕಳೂ ಎದ್ದು ಕುಳಿತುಕೊಳ್ಳುತ್ತಾರೆ. ಕೆಟ್ಟವನನ್ನು ಹತ್ತಿರದಿಂದ ನೋಡುವ ಕುತೂಹಲವು ಮನುಷ್ಯಸಹಜವಾದುದು.

ಆದರೆ ನೋಡುವುದು ಬೇರೆ. ಆ ಪಾತ್ರವನ್ನು ತಾನೇ ವಹಿಸಿಕೊಂಡು ಗೆಲ್ಲಲು ಹೆಣಗುವುದು ಬೇರೆ. ಇಂದಿನ ಕೆಲವು ಎಲೆಯಾಟಗಳಲ್ಲಿ ಆಟಗಾರನು ಒಬ್ಬ ಖಳನನ್ನು ತನ್ನ ನಾಯಕನನ್ನಾಗಿ ಆರಿಸಿಕೊಂಡು, ಅವನಿಗೆ ಒಪ್ಪುವಂತೆ ಉಳಿದ ಎಲೆಗಳನ್ನೆಲ್ಲ ತಾನೇ ಜೋಡಿಸಿ ಕಟ್ಟು ಕಟ್ಟುತ್ತಾನೆ. ಕಾಲೇಜಿಗೆ ಹೋಗುವ ಮಗನೋ ಮಗಳೋ ಇಂತಹ ಕಟ್ಟನ್ನು ಹಿಡಿದು ಕುಳಿತಿರುವುದನ್ನು ಕಂಡ ತಾಯಿತಂದೆಗಳಿಗೆ ಎರಡು ಸಂದೇಹಗಳು ಮೂಡುವುದು ಸಹಜ. ಇದು ಜೂಜೇ? ದುಷ್ಟನ ಪಕ್ಷವನ್ನು ವಹಿಸಿ ಆಡಿದರೆ ಮನಸ್ಸು ಕೆಡುವುದಿಲ್ಲವೇ? ಈ ಪ್ರಶ್ನೆಗಳಿಗೆ ದೂರದಲ್ಲಿ ನಿಂತು ಉತ್ತರ ಹೇಳುವುದಕ್ಕಿಂತ ಅಂತಹ ಒಂದು ಕಟ್ಟನ್ನು ಬಿಚ್ಚಿ ನೋಡುವುದು ಲೇಸು.

ಆಟದ ಹುಟ್ಟು ಮತ್ತು ಸ್ವರೂಪ

ನಾವು ಬಲ್ಲ ಇಸ್ಪೀಟಿನಲ್ಲಿ 52 ಎಲೆಗಳು. ಯಾರ ಮನೆಯಲ್ಲಿ ಆಡಿದರೂ ಅವೇ ಎಲೆಗಳು. ಈ ನಿಯಮವನ್ನೇ ಬದಲಿಸಿದವರು ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್. ಅವರು ರೂಪಿಸಿದ 'ಮ್ಯಾಜಿಕ್: ದ ಗ್ಯಾದರಿಂಗ್' ಎಂಬ ಆಟವನ್ನು ವಾಷಿಂಗ್ಟನ್ ರಾಜ್ಯದ 'ವಿಜರ್ಡ್ಸ್ ಆಫ್ ದ ಕೋಸ್ಟ್' ಸಂಸ್ಥೆಯು 1993ರಲ್ಲಿ ಹೊರತಂದಿತು. ಇದರಲ್ಲಿ ಪ್ರತಿಯೊಬ್ಬ ಆಟಗಾರನೂ ತಾನು ಸಂಗ್ರಹಿಸಿದ ಎಲೆಗಳಿಂದ ತನ್ನದೇ ಆದ ಕಟ್ಟನ್ನು ಸಿದ್ಧಪಡಿಸಿಕೊಂಡು ಬರುತ್ತಾನೆ. ಮೊದಲ ಕಂತಿನಲ್ಲಿ 295 ಬಗೆಯ ಎಲೆಗಳಿದ್ದವು. ಇಂದು ಅವುಗಳ ಬಗೆಗಳು ಇಪ್ಪತ್ತೈದು ಸಾವಿರವನ್ನು ಮೀರಿವೆ.

ಪ್ರತಿ ಎಲೆಯ ಮೇಲೂ ಒಂದು ಚಿತ್ರ, ಒಂದು ಹೆಸರು ಮತ್ತು ಅದು ಏನು ಮಾಡಬಲ್ಲುದೆಂಬ ವಿವರ ಅಚ್ಚಾಗಿರುತ್ತದೆ. ಕೆಲವು ಎಲೆಗಳು ಭೂಮಿಗಳು. ಅವುಗಳಿಂದ 'ಮಾನಾ' ಎಂಬ ಶಕ್ತಿ ದೊರೆಯುತ್ತದೆ. ಆ ಶಕ್ತಿಯನ್ನು ವೆಚ್ಚಮಾಡಿ ಜೀವಿಗಳನ್ನೂ ಮಂತ್ರಗಳನ್ನೂ ಮೇಜಿನ ಮೇಲೆ ಇಳಿಸಬೇಕು. ಶಕ್ತಿಗೆ ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಎಂಬ ಐದು ಬಣ್ಣಗಳುಂಟು. ಬಿಳಿಯದು ವ್ಯವಸ್ಥೆಯ ಹಾದಿ, ನೀಲಿಯದು ಬುದ್ಧಿಯ ಹಾದಿ, ಕೆಂಪಿನದು ಆವೇಶದ ಹಾದಿ, ಹಸಿರಿನದು ಪ್ರಕೃತಿಯ ಹಾದಿ. ಏನನ್ನು ತೆತ್ತಾದರೂ ಸರಿ, ಬಲವನ್ನು ಗಳಿಸಬೇಕೆಂಬುದು ಕಪ್ಪಿನ ಹಾದಿ.

ಈ ಆಟದ ಹಲವು ಪದ್ಧತಿಗಳಲ್ಲಿ 'ಕಮಾಂಡರ್' ಎಂಬುದು ಬಹು ಜನಪ್ರಿಯವಾದುದು. ಇದನ್ನು ಕಂಪನಿ ಹುಟ್ಟಿಸಲಿಲ್ಲ. ಆಟಗಾರರೇ ತಮ್ಮತಮ್ಮಲ್ಲಿ ಬೆಳೆಸಿಕೊಂಡ ಪದ್ಧತಿ ಇದು. 1994ರ 'ಲೆಜೆಂಡ್ಸ್' ಕಂತಿನ ಐದು ಹಿರಿಯ ಡ್ರ್ಯಾಗನ್‌ಗಳು ಇದರ ಮೊದಲ ನಾಯಕರು. ಅವುಗಳಲ್ಲೊಂದಾದ ನಿಕೋಲ್ ಬೋಲಾಸ್ ಮುಂದೆ ಈ ಆಟದ ಕಥಾಲೋಕದ ಮಹಾಖಳನೆನಿಸಿತು. ಎಂದಮೇಲೆ ಖಳನನ್ನು ನಾಯಕನನ್ನಾಗಿ ಮಾಡಿಕೊಳ್ಳುವುದು ಈ ಪದ್ಧತಿಯಷ್ಟೇ ಹಳೆಯದು. ಕಂಪನಿಯು ಇದಕ್ಕೆಂದೇ ಸಿದ್ಧ ಕಟ್ಟುಗಳನ್ನು 2011ರಲ್ಲಿ ಮಾರುಕಟ್ಟೆಗೆ ತಂದಿತು.

ಇದರ ನಿಯಮಗಳು ಸರಳವಾಗಿವೆ. ಕಟ್ಟಿನಲ್ಲಿ ಒಟ್ಟು 100 ಎಲೆಗಳು. ಒಬ್ಬ ದಂಡನಾಯಕ, ಅವನ ಹಿಂದೆ 99. ಮೂಲ ಭೂಮಿಗಳನ್ನು ಬಿಟ್ಟರೆ ಒಂದೇ ಹೆಸರಿನ ಎರಡು ಎಲೆಗಳು ಇರಕೂಡದು. ಸಾಮಾನ್ಯವಾಗಿ ನಾಲ್ವರು ಕೂಡಿ ಆಡುತ್ತಾರೆ. ಪ್ರತಿಯೊಬ್ಬನಿಗೂ ಆಯುಸ್ಸಿನ 40 ಅಂಕಗಳು. ಆರಂಭದಲ್ಲಿ ಕೈಯಲ್ಲಿ ಏಳು ಎಲೆಗಳು. ದಂಡನಾಯಕನು ಮಾತ್ರ ಕಟ್ಟಿನೊಳಗೆ ಅಡಗಿರದೆ ಮೊದಲಿನಿಂದಲೂ ಎಲ್ಲರಿಗೂ ಕಾಣುವಂತೆ ಬದಿಯಲ್ಲಿರುತ್ತಾನೆ. ಅವನು ಹತನಾದರೆ ಮತ್ತೆ ಅಲ್ಲಿಗೆ ಮರಳಬಹುದು. ಆದರೆ ಅಲ್ಲಿಂದ ಪ್ರತಿಸಲ ಕರೆತರುವಾಗಲೂ ಹಿಂದಿನದಕ್ಕಿಂತ ಎರಡು ಮಾನಾ ಹೆಚ್ಚಾಗಿ ತೆರಬೇಕು.

ವೈದ್ಯನ ವೇಷದ ಖಳ

ನಾವಿಲ್ಲಿ ಬಿಚ್ಚಿ ನೋಡುವ ಕಟ್ಟಿನ ನಾಯಕನು ಯಾಗ್‌ಮಾತ್. ಇವನ ಪೂರ್ವವೃತ್ತಾಂತವನ್ನು ಜೆ. ರಾಬರ್ಟ್ ಕಿಂಗ್ ಬರೆದು 1999ರಲ್ಲಿ ಪ್ರಕಟವಾದ 'ದ ಥ್ರಾನ್' ಎಂಬ ಕಾದಂಬರಿಯಲ್ಲಿ ಕಾಣಬಹುದು. ಥ್ರಾನ್ ಎಂಬುದೊಂದು ಪುರಾತನ ಸಾಮ್ರಾಜ್ಯ. ಯಂತ್ರವಿದ್ಯೆಯಲ್ಲಿ ಅದಕ್ಕೆ ಸಮಾನವಿಲ್ಲ. ಅಲ್ಲಿನ ಮಹಾಶಿಲ್ಪಿ ಗ್ಲೇಸಿಯನ್ ಎಂಬಾತನಿಗೆ ಕ್ಷಯದಂತಹ ವಿಚಿತ್ರ ವ್ಯಾಧಿ ತಗಲುತ್ತದೆ. ಯಾರಿಂದಲೂ ಗುಣವಾಗದಿದ್ದಾಗ ಹಿಂದೆ ಗಡೀಪಾರಾಗಿದ್ದ ವೈದ್ಯನೊಬ್ಬನನ್ನು ಮರಳಿ ಕರೆಸುತ್ತಾರೆ. ಅವನೇ ಯಾಗ್‌ಮಾತ್. ಸಾಮ್ರಾಜ್ಯಕ್ಕೆ ಬಲ ಕೊಡುತ್ತಿದ್ದ ಶಕ್ತಿಶಿಲೆಗಳೇ ರೋಗಕ್ಕೆ ಕಾರಣವೆಂಬುದನ್ನು ಅವನು ಪತ್ತೆಹಚ್ಚುತ್ತಾನೆ. ಅವನ ವಿದ್ಯೆ ನಿಜವಾದುದು. ಆದರೆ ರೋಗಿಗಳ ಭಯವನ್ನೇ ಮೆಟ್ಟಿಲಾಗಿಸಿಕೊಂಡು ಅವನು ಅಧಿಕಾರಕ್ಕೇರುತ್ತಾನೆ. ಗುಣಪಡಿಸುವೆನೆಂದು ನಂಬಿಸಿ ಜನರನ್ನು ಫೈರೆಕ್ಸಿಯಾ ಎಂಬ ಬೇರೊಂದು ಲೋಕಕ್ಕೆ ಸಾಗಿಸಿ, ಅಲ್ಲಿ ಅವರ ದೇಹಗಳನ್ನು ಕಚ್ಚಾ ಸಾಮಗ್ರಿಯಂತೆ ಬಳಸಿ ತನ್ನ ಸೈನ್ಯವನ್ನು ತಯಾರಿಸುತ್ತಾನೆ.

ಈ ಕಲ್ಪನೆಯು ಕೇವಲ ಕಲ್ಪನೆಯಾಗಿ ಉಳಿಯುವುದಿಲ್ಲವೆಂಬುದೇ ದುಃಖದ ಸಂಗತಿ. ಎರಡನೆಯ ಮಹಾಯುದ್ಧದ ತರುವಾಯ 1946-47ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ನಡೆದ ವಿಚಾರಣೆಯೊಂದರಲ್ಲಿ 23 ಆರೋಪಿಗಳಿದ್ದರು. ಅವರಲ್ಲಿ 20 ಮಂದಿ ವೈದ್ಯರು. ಬಂಧಿಗಳ ಮೇಲೆ ಅವರ ಒಪ್ಪಿಗೆಯಿಲ್ಲದೆ ಪ್ರಯೋಗ ನಡೆಸಿದುದು ಆ ಮೊಕದ್ದಮೆಯ ಮುಖ್ಯ ಆರೋಪಗಳಲ್ಲೊಂದು. ಅದರ ತೀರ್ಪಿನೊಡನೆ ರೂಪುಗೊಂಡ ಹತ್ತು ಸೂತ್ರಗಳಲ್ಲಿ ಮೊದಲನೆಯದು, ಪ್ರಯೋಗಕ್ಕೆ ಒಳಗಾಗುವವನು ಸ್ವಇಚ್ಛೆಯಿಂದ ಒಪ್ಪಿರಬೇಕೆಂಬುದು. ಯಾಗ್‌ಮಾತ್‌ನ ಕಥೆಯಲ್ಲಿ ಇಲ್ಲದಿರುವುದು ಇದೊಂದೇ ಸೂತ್ರ. ಅದಿಲ್ಲದುದರಿಂದಲೇ ವೈದ್ಯನು ಖಳನಾಗುತ್ತಾನೆ.

ಎಲೆಯ ಮೇಲಿನ ನಾಲ್ಕು ಸಾಲು

ಬಹಳ ವರ್ಷಗಳವರೆಗೆ ಯಾಗ್‌ಮಾತ್‌ನ ಹೆಸರು ಇತರ ಎಲೆಗಳಲ್ಲಿ ಕಾಣಿಸುತ್ತಿತ್ತೇ ಹೊರತು ಅವನಿಗೇ ಒಂದು ಎಲೆ ಇರಲಿಲ್ಲ. 2019ರ 'ಮಾಡರ್ನ್ ಹೊರೈಜನ್ಸ್' ಕಂತಿನಲ್ಲಿ 'ಯಾಗ್‌ಮಾತ್, ಥ್ರಾನ್ ಫಿಜಿಶಿಯನ್' ಎಂಬ ಹೆಸರಿನಲ್ಲಿ ಅವನು ಮೊದಲ ಬಾರಿಗೆ ಮೇಜಿಗಿಳಿದನು. ಆ ಎಲೆಯ ಮೇಲೆ ಅಚ್ಚಾಗಿರುವುದು ಕೆಲವೇ ಸಾಲು. ಆದರೆ ಒಂದು ಕಾದಂಬರಿಯ ಸಾರವನ್ನು ಅಷ್ಟರಲ್ಲಿಯೇ ಅಡಗಿಸಿದ್ದಾರೆಂದರೆ ಅತಿಶಯೋಕ್ತಿಯಾಗದು.

ನಾಲ್ಕು ಮಾನಾ ತೆತ್ತರೆ ಅವನು ಬರುತ್ತಾನೆ. ಅವನ ಮುಖ್ಯ ಶಕ್ತಿ ಇದು: ಆಯುಸ್ಸಿನ ಒಂದು ಅಂಕವನ್ನು ತೆತ್ತು, ನಿನ್ನದೇ ಪಕ್ಷದ ಮತ್ತೊಂದು ಜೀವಿಯನ್ನು ಬಲಿ ಕೊಡು, ಬೇಕಾದರೆ ಯಾವುದಾದರೊಂದು ಜೀವಿಯ ಮೇಲೆ ಅದರ ಬಲವನ್ನೂ ತಾಳಿಕೆಯನ್ನೂ ಒಂದೊಂದು ಅಂಕ ತಗ್ಗಿಸುವ ಬಿಲ್ಲೆಯನ್ನಿಡು, ಮತ್ತು ಕಟ್ಟಿನಿಂದ ಒಂದು ಎಲೆಯನ್ನು ತೆಗೆದುಕೋ. ಇದಲ್ಲದೆ, ಎರಡು ಕಪ್ಪು ಮಾನಾ ತೆತ್ತು ಕೈಯ ಒಂದೆಲೆಯನ್ನು ಬಿಸುಟರೆ ಮೇಜಿನ ಮೇಲೆ ಈಗಾಗಲೇ ಇರುವ ಬಿಲ್ಲೆಗಳನ್ನು ಹೆಚ್ಚಿಸುವ ಸಾಮರ್ಥ್ಯವೂ ಅವನಿಗುಂಟು.

ಇಲ್ಲಿ 'ಮತ್ತೊಂದು' ಎಂಬ ಪದವನ್ನು ವಾಚಕರು ಗಮನಿಸಬೇಕು. ಯಾಗ್‌ಮಾತ್ ಯಾರನ್ನು ಬೇಕಾದರೂ ಬಲಿ ಕೊಡಬಲ್ಲನು. ತನ್ನನ್ನು ಮಾತ್ರ ಕೊಡಲಾರನು. ಎಲೆಯ ಮೇಲೆ ಇನ್ನೂ ಒಂದು ಸಾಲು ಇದೆ: ಅವನಿಗೆ ಮಾನವರಿಂದ ರಕ್ಷಣೆಯಿದೆ. ಎಂದರೆ ಮಾನವರೆಂದು ಗುರುತಿಸಲ್ಪಟ್ಟ ಜೀವಿಗಳು ಅವನಿಗೆ ಗಾಯಮಾಡಲಾರವು, ಅವನನ್ನು ಅಡ್ಡಗಟ್ಟಲಾರವು, ಅವುಗಳ ಶಕ್ತಿಯು ಅವನನ್ನು ಗುರಿಯಾಗಿಸಿಕೊಳ್ಳಲಾರದು. ಸ್ವಾರಸ್ಯವೆಂದರೆ, ಅದೇ ಎಲೆಯಲ್ಲಿ ಅವನ ಜಾತಿಯೂ 'ಮಾನವ' ಎಂದೇ ಅಚ್ಚಾಗಿದೆ. ಹಾಗಾಗಿ ಅವನು ಇಡುವ ಕುಂದಿನ ಬಿಲ್ಲೆಯನ್ನು ತನ್ನ ಮೇಲೆಯೇ ಇಟ್ಟುಕೊಳ್ಳಲು ನಿಯಮವು ಬಿಡುವುದಿಲ್ಲ. ಊರಿಗೆಲ್ಲ ಮದ್ದು ಅರೆಯುವ ಈ ವೈದ್ಯನು ತನ್ನ ಮದ್ದನ್ನು ತಾನು ಎಂದೂ ಕುಡಿಯುವುದಿಲ್ಲ. ಖಳತನದ ಲಕ್ಷಣವನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳುವುದು ಕಷ್ಟ.

ಕಟ್ಟು ಕಟ್ಟುವ ಬಗೆ

ಇಂತಹ ನಾಯಕನಿಗೆ 99 ಎಲೆಗಳನ್ನು ಹೇಗೆ ಹಂಚಬೇಕು? ಆರಂಭಿಕನಿಗೆ ಒಪ್ಪುವ ಒಂದು ಲೆಕ್ಕ ಹೀಗಿರಬಹುದು: ಭೂಮಿಗಳು 35, ಜೀವಿಗಳು 32, ಹೆಚ್ಚುವರಿ ಮಾನಾ ಕೊಡುವ ಸಲಕರಣೆಗಳು 10, ಎದುರಾಳಿಯ ಜೀವಿಗಳನ್ನು ತೊಲಗಿಸುವ ಮಂತ್ರಗಳು 10, ಮಿಕ್ಕ ಸಹಾಯಕ ಎಲೆಗಳು 12. ಯಾಗ್‌ಮಾತ್‌ನ ಬಣ್ಣ ಕಪ್ಪೊಂದೇ ಆದುದರಿಂದ ಬೇರೆ ಬಣ್ಣದ ಎಲೆಗಳಿಗೆ ಇಲ್ಲಿ ಪ್ರವೇಶವಿಲ್ಲ.

ಜೀವಿಗಳ ಆಯ್ಕೆಯೇ ಈ ಕಟ್ಟಿನ ಜೀವಾಳ. ಅವುಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯದು ಬಲಿಗೆ ಒದಗುವವರ ಗುಂಪು. 'ರೀಅಸೆಂಬ್ಲಿಂಗ್ ಸ್ಕೆಲಿಟನ್' ಎಂಬ ಎಲುಬುಗೂಡು ಸತ್ತರೂ ಎರಡು ಮಾನಾ ತೆತ್ತರೆ ಸ್ಮಶಾನದಿಂದೆದ್ದು ಬರುತ್ತದೆ. 'ಓಫಿಯೋಮ್ಯಾನ್ಸರ್' ಎಂಬ ಹಾವಾಡಿಗನಿದ್ದರೆ, ತನ್ನ ಕಡೆ ಹಾವಿಲ್ಲದಿರುವಾಗ ಯಾರ ಸರದಿ ಆರಂಭವಾದರೂ ಒಂದು ಹಾವು ಹುಟ್ಟುತ್ತದೆ. ನಾಲ್ವರ ಆಟದಲ್ಲಿ ಒಂದು ಸುತ್ತಿಗೆ ನಾಲ್ಕು ಬಲಿಗಳು ಸಿದ್ಧವಾದಂತೆ. 'ಬಿಟರ್‌ಬ್ಲಾಸಮ್' ಜೀವಿಯಲ್ಲದಿದ್ದರೂ ಪ್ರತಿ ಸರದಿಗೆ ಆಯುಸ್ಸಿನ ಒಂದು ಅಂಕವನ್ನು ಹೀರಿಕೊಂಡು ಹಾರುವ ಕಿರುಜೀವಿಯೊಂದನ್ನು ಕೊಡುತ್ತದೆ.

ಎರಡನೆಯದು ಸಾವಿನಿಂದ ಲಾಭ ಪಡೆಯುವವರ ಗುಂಪು. 2012ರ 'ಬ್ಲಡ್ ಆರ್ಟಿಸ್ಟ್' ಮೇಜಿನ ಮೇಲಿದ್ದರೆ, ಯಾವ ಜೀವಿ ಸತ್ತರೂ ಗುರಿಯಿಟ್ಟ ಒಬ್ಬ ಆಟಗಾರನ ಒಂದು ಅಂಕ ಕಳೆದು ನಮಗೆ ಒಂದು ಅಂಕ ಸೇರುತ್ತದೆ. 2015ರ 'ಜುಲಾಪೋರ್ಟ್ ಕಟ್‌ಥ್ರೋಟ್' ಇದ್ದರೆ, ನಮ್ಮ ಜೀವಿ ಸತ್ತಾಗಲೆಲ್ಲ ಪ್ರತಿಯೊಬ್ಬ ಎದುರಾಳಿಗೂ ಒಂದೊಂದು ಅಂಕ ನಷ್ಟ, ನಮಗೆ ಒಂದು ಅಂಕ ಲಾಭ.

ಮೂರನೆಯದು ಸಾವನ್ನೇ ಸುಳ್ಳುಮಾಡುವವರ ಗುಂಪು. 2012ರ 'ಬುಚರ್ ಗೂಲ್' ಎಂಬುದಕ್ಕೆ 'ಅನ್‌ಡೈಯಿಂಗ್' ಎಂಬ ಗುಣವುಂಟು. ಬಲ ಹೆಚ್ಚಿಸುವ ಬಿಲ್ಲೆ ಇಲ್ಲದೆ ಅದು ಸತ್ತರೆ, ಅಂತಹ ಒಂದು ಬಿಲ್ಲೆಯೊಡನೆ ಮರಳಿ ಬರುತ್ತದೆ. ಅದೇ ವರ್ಷದ 'ಮಿಕೇಯಸ್, ದ ಅನ್‌ಹ್ಯಾಲೋಡ್' ಎಂಬವನು ಮಾನವರಲ್ಲದ ನಮ್ಮ ಇತರ ಜೀವಿಗಳಿಗೆಲ್ಲ ಈ ಗುಣವನ್ನು ದಯಪಾಲಿಸುತ್ತಾನೆ.

ಯಂತ್ರ ತಿರುಗುವುದು ಹೇಗೆ?

ಈಗ ಮೂರು ಗುಂಪುಗಳೂ ಕೂಡಿದಾಗ ಏನಾಗುವುದೆಂಬುದನ್ನು ನೋಡೋಣ. ಬಲ ಹೆಚ್ಚಿಸುವ ಬಿಲ್ಲೆಯೂ ತಗ್ಗಿಸುವ ಬಿಲ್ಲೆಯೂ ಒಂದೇ ಜೀವಿಯ ಮೇಲೆ ಕೂಡಿದರೆ ಎರಡೂ ರದ್ದಾಗುತ್ತವೆಂಬುದು ಆಟದ ನಿಯಮ. ಅನ್‌ಡೈಯಿಂಗ್ ಗುಣವಿರುವ ಎರಡು ಜೀವಿಗಳಿವೆಯೆಂದಿಟ್ಟುಕೊಳ್ಳಿ. ಮೊದಲನೆಯದನ್ನು ಬಲಿಕೊಟ್ಟರೆ ಅದು ಹೆಚ್ಚಿನ ಬಿಲ್ಲೆಯೊಡನೆ ಮರಳುತ್ತದೆ. ಎರಡನೆಯದನ್ನು ಬಲಿಕೊಡುವಾಗ ಕುಂದಿನ ಬಿಲ್ಲೆಯನ್ನು ಮೊದಲನೆಯದರ ಮೇಲಿಟ್ಟರೆ ಅದರ ಬಿಲ್ಲೆ ರದ್ದಾಗಿ, ಮತ್ತೊಮ್ಮೆ ಸತ್ತು ಮರಳಲು ಅದು ಅರ್ಹವಾಗುತ್ತದೆ. ಎರಡನೆಯದು ಹೆಚ್ಚಿನ ಬಿಲ್ಲೆಯೊಡನೆ ಎದ್ದು ಬರುತ್ತದೆ. ಮರುಸಲ ಸರದಿ ಅದಲುಬದಲು. ಹೀಗೆ ಎರಡು ಜೀವಿಗಳು ಒಂದಾದಮೇಲೊಂದರಂತೆ ಸಾಯುತ್ತ ಏಳುತ್ತ ಕೊನೆಯಿಲ್ಲದೆ ಸುತ್ತುತ್ತವೆ. ಪ್ರತಿಸಲವೂ ಯಾಗ್‌ಮಾತ್‌ಗೆ ಒಂದು ಅಂಕ ಖರ್ಚು. ಲಾಭ ಪಡೆಯುವ ಗುಂಪಿನಿಂದ ಒಂದು ಅಂಕ ಜಮೆ.

ಇಲ್ಲಿಯೇ ಲೆಕ್ಕ ಬಲ್ಲವನಿಗೂ ಬರಿಯ ಆಸೆಬುರುಕನಿಗೂ ಇರುವ ಅಂತರ ಗೋಚರವಾಗುತ್ತದೆ. ಮೂವರು ಎದುರಾಳಿಗಳೂ 40 ಅಂಕಗಳಲ್ಲಿಯೇ ಇದ್ದಾರೆಂದು ಭಾವಿಸೋಣ. ಜುಲಾಪೋರ್ಟ್ ಕಟ್‌ಥ್ರೋಟ್ ಇದ್ದರೆ 40 ಬಲಿಗಳಲ್ಲಿ ಮೂವರೂ ಒಟ್ಟಿಗೆ ಮುಗಿಯುತ್ತಾರೆ. ಬ್ಲಡ್ ಆರ್ಟಿಸ್ಟ್ ಒಬ್ಬನೇ ಇದ್ದರೆ 120 ಬಲಿಗಳು ಬೇಕು. ಪ್ರತಿ ಬಲಿಗೂ ಒಂದು ಎಲೆಯನ್ನು ತೆಗೆದುಕೊಳ್ಳಲೇಬೇಕು, ಬೇಡವೆನ್ನುವಂತಿಲ್ಲ. ಆದರೆ ಮೊದಲ ಏಳು ಎಲೆಗಳನ್ನು ತೆಗೆದಮೇಲೆ ಕಟ್ಟಿನಲ್ಲಿ ಉಳಿಯುವುದೇ 92. ಬರಿದಾದ ಕಟ್ಟಿನಿಂದ ಎಲೆ ತೆಗೆಯಹೋದವನು ಸೋತನೆಂದೇ ನಿಯಮ. ಲೆಕ್ಕವಿಲ್ಲದೆ ಯಂತ್ರವನ್ನು ತಿರುಗಿಸಿದವನು ಎದುರಾಳಿಗಳನ್ನು ಮುಗಿಸುವ ಮೊದಲೇ ತಾನು ಮುಗಿಯುತ್ತಾನೆ. ಅತಿಯಾಸೆ ಗತಿಗೇಡೆಂಬ ಗಾದೆಯನ್ನು ಈ ಕಟ್ಟು ಅಂಕಗಣಿತದಿಂದ ಸಾಧಿಸಿ ತೋರಿಸುತ್ತದೆ.

ಖಳನ ದೌರ್ಬಲ್ಯ

ಈ ಕಟ್ಟನ್ನು ಕಟ್ಟಿದವನಿಗೆ ಬೇಗನೆ ಮನವರಿಕೆಯಾಗುವ ಮತ್ತೊಂದು ಸತ್ಯವಿದೆ. ಸುತ್ತಮುತ್ತ ಯಾರೂ ಇಲ್ಲದಿದ್ದರೆ ಯಾಗ್‌ಮಾತ್ ಏನೂ ಅಲ್ಲ. ಅವನ ಸ್ವಂತ ಬಲ ಎರಡು ಅಂಕ, ತಾಳಿಕೆ ನಾಲ್ಕು ಅಂಕ. ನಾಲ್ಕು ಮಾನಾ ತೆತ್ತು ತಂದವನಿಗೆ ಅದೇನು ಮಹಾ ಬಲವಲ್ಲ. ಅವನ ಪ್ರತಾಪವೆಲ್ಲ ಅವನಿಗಾಗಿ ಸಾಯುವವರಿಂದ ಬಂದುದು. ಅನುಭವಿಗಳಾದ ಎದುರಾಳಿಗಳು ಅವನೊಡನೆ ನೇರವಾಗಿ ಹೋರಾಡದೆ ಅವನ ಸುತ್ತಲಿನವರನ್ನು ಅವನ ಕೈಗೆ ಸಿಗದಂತೆ ಮಾಡುತ್ತಾರೆ.

ಬಿಳಿಯ ಬಣ್ಣದಲ್ಲಿ 'ರೆಸ್ಟ್ ಇನ್ ಪೀಸ್' ಎಂಬ ಎಲೆಯೊಂದಿದೆ; ಚಿರಶಾಂತಿ ಎಂದು ಅದರ ಅರ್ಥ. ಅದು ಬಂದೊಡನೆ ಎಲ್ಲ ಸ್ಮಶಾನಗಳೂ ಬರಿದಾಗುತ್ತವೆ. ಮುಂದೆ ಸ್ಮಶಾನಕ್ಕೆ ಹೋಗಬೇಕಾದ ಎಲೆಗಳು ಆಟದಿಂದಲೇ ಹೊರಗೆ ಹೋಗುತ್ತವೆ. ಸತ್ತವರನ್ನು ಮತ್ತೆ ಎಬ್ಬಿಸುವಂತಿಲ್ಲ, ಸಾವಿನಿಂದ ಲಾಭ ಪಡೆಯುವಂತಿಲ್ಲ. ಸತ್ತವರಿಗೆ ಶಾಂತಿ ದೊರೆತೊಡನೆ ಖಳನ ಯಂತ್ರ ನಿಂತುಹೋಗುತ್ತದೆ. ಕಥೆಯಲ್ಲಿಯೂ ಹಾಗೆಯೇ. ಗ್ಲೇಸಿಯನ್‌ನ ಮಡದಿ ರೆಬೆಕ್ ವಾಸ್ತುಶಿಲ್ಪದಲ್ಲಿ ಪರಿಣತೆ. ವೈದ್ಯನ ಮಾತಿಗೆ ಮರುಳಾಗಿದ್ದ ಅವಳೇ ಕೊನೆಗೆ ನಿಜವನ್ನರಿತು, ಅವನನ್ನು ಫೈರೆಕ್ಸಿಯಾದೊಳಗೆ ಇರುವಂತೆಯೇ ಬಾಗಿಲು ಮುಚ್ಚಿಬಿಡುತ್ತಾಳೆ. ಬಹುಕಾಲದ ಮೇಲೆ ಅವನು ಮತ್ತೆ ದಂಡೆತ್ತಿ ಬಂದು ಅಳಿದ ಕಥೆಯು 2001ರ 'ಅಪಾಕಲಿಪ್ಸ್' ಕಂತಿನಲ್ಲಿ ಮುಗಿಯಿತು.

ಮನೆಯವರು ತಿಳಿದಿರಬೇಕಾದುದು

ಇನ್ನು ಮೊದಲ ಸಂದೇಹಕ್ಕೆ ಬರೋಣ. ಆಟವು ಜೂಜಲ್ಲ, ಇದರಲ್ಲಿ ಪಣವಿಲ್ಲದೆ ಆಡುವುದೇ ವಾಡಿಕೆ. ಆದರೆ ಎಲೆಗಳನ್ನು ಕೊಳ್ಳುವ ಬಗೆಯಲ್ಲಿ ಅದೃಷ್ಟದ ಸೆಳೆತವಿದೆ. ಮುಚ್ಚಿದ ಪೊಟ್ಟಣದೊಳಗೆ ಯಾವ ಎಲೆ ಇದೆಯೆಂಬುದು ಒಡೆಯುವವರೆಗೂ ತಿಳಿಯದು. ಅಪರೂಪದ ಎಲೆಗೆ ಬೆಲೆ ಏರುತ್ತದೆ. ಮೊದಲ ಕಂತಿನ 'ಬ್ಲ್ಯಾಕ್ ಲೋಟಸ್' ಎಂಬ ಒಂದು ಎಲೆಯು 2021ರಲ್ಲಿ ಹರಾಜಿನಲ್ಲಿ 5,11,100 ಡಾಲರಿಗೆ ಮಾರಾಟವಾಯಿತು. ಇಂತಹ ಸುದ್ದಿಗಳನ್ನು ಕೇಳಿ ಪೊಟ್ಟಣದ ಮೇಲೆ ಪೊಟ್ಟಣ ಒಡೆಯುವ ಚಟಕ್ಕೆ ಎಳೆಯರು ಬೀಳದಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ. ತಿಂಗಳಿಗೆ ಇಷ್ಟೇ ಹಣವೆಂದು ಮೊದಲೇ ಗೊತ್ತುಮಾಡುವುದು, ಪೊಟ್ಟಣದ ಬದಲು ಬೇಕಾದ ಎಲೆಯನ್ನೇ ಬಿಡಿಯಾಗಿ ಕೊಳ್ಳುವುದು, ಗೆಳೆಯರ ಒಪ್ಪಿಗೆಯಿದ್ದರೆ ಮನೆಯಾಟಕ್ಕೆ ಕಾಗದದ ಮೇಲೆ ಹೆಸರು ಬರೆದ ಬದಲಿ ಎಲೆಗಳಿಂದ ಕಟ್ಟನ್ನು ಪರೀಕ್ಷಿಸುವುದು, ಇವು ಮಿತವ್ಯಯದ ಉಪಾಯಗಳು.

ಎರಡನೆಯ ಸಂದೇಹವು ಇದಕ್ಕಿಂತ ಗಹನವಾದುದು. ಖಳನ ಕಟ್ಟನ್ನು ಕಟ್ಟಿದ ಮಾತ್ರಕ್ಕೆ ಮಗುವು ಖಳನಾಗುವುದಿಲ್ಲ. ರಾವಣನ ವೇಷ ಕಟ್ಟಿದ ಕಲಾವಿದನು ರಾವಣನಾಗುವನೇ? ಪರೀಕ್ಷೆ ಇರುವುದು ಎಲೆಗಳಲ್ಲಿ ಅಲ್ಲ, ಮೇಜಿನ ಸುತ್ತ ಕುಳಿತ ಗೆಳೆಯರೊಡನೆ ನಡೆದುಕೊಳ್ಳುವ ರೀತಿಯಲ್ಲಿ. ಕಮಾಂಡರ್ ಪದ್ಧತಿಯಲ್ಲಿ ಆಟಕ್ಕೆ ಮೊದಲು ನಾಲ್ವರೂ ಮಾತಾಡಿಕೊಳ್ಳುವ ಸತ್ಸಂಪ್ರದಾಯವೊಂದಿದೆ. ನನ್ನ ಕಟ್ಟು ಎಷ್ಟು ಬಿರುಸಾದುದು, ಇದರಲ್ಲಿ ಕೊನೆಯಿಲ್ಲದ ಸುತ್ತುಗಳಿವೆಯೇ, ಎಂಬುದನ್ನು ಮುಚ್ಚಿಡದೆ ಹೇಳಿ ಎಲ್ಲರ ಒಪ್ಪಿಗೆ ಪಡೆಯಬೇಕು. ಹೊಸದಾಗಿ ಕಲಿಯುತ್ತಿರುವವನ ಮುಂದೆ ಈ ಯಂತ್ರವನ್ನು ಹೇಳದೆ ತಿರುಗಿಸಿ ಗೆಲ್ಲುವವನು ಆಟದ ನಿಯಮವನ್ನು ಮುರಿಯದಿದ್ದರೂ ಸ್ನೇಹದ ನಿಯಮವನ್ನು ಮುರಿಯುತ್ತಾನೆ. ಒಪ್ಪಿಗೆಯಿಲ್ಲದೆ ಇತರರನ್ನು ಬಳಸಿಕೊಳ್ಳುವುದೇ ಯಾಗ್‌ಮಾತ್‌ನ ದೋಷವೆಂದಾದರೆ, ಆಟಗಾರನು ಖಳನಾಗುವ ಅಪಾಯವಿರುವುದು ಅಲ್ಲಿಯೇ.

ಆದುದರಿಂದ ಮಕ್ಕಳ ಕೈಯಿಂದ ಕಟ್ಟನ್ನು ಕಸಿದುಕೊಳ್ಳುವುದಕ್ಕಿಂತ ಅವರ ಬಳಿ ಕುಳಿತು ವಿಚಾರಿಸುವುದು ಉಚಿತ. ನಿನ್ನ ಈ ನಾಯಕನು ಗೆಲ್ಲುವುದಕ್ಕೆ ಬೆಲೆ ತೆರುವವರು ಯಾರು? ಅವರನ್ನು ಯಾರಾದರೂ ಕೇಳಿದ್ದಾರೆಯೇ? ಈ ಎರಡು ಪ್ರಶ್ನೆಗಳಿಗೆ ತಾನೇ ಉತ್ತರ ಹುಡುಕಿಕೊಂಡ ಹುಡುಗನು ನಾಳೆ ಒಂದು ಕಾರ್ಖಾನೆಯಲ್ಲೋ ಕಚೇರಿಯಲ್ಲೋ ಆಸ್ಪತ್ರೆಯಲ್ಲೋ ಕುಳಿತು ಹತ್ತು ಜನರ ಬದುಕನ್ನು ನಿರ್ಧರಿಸುವಾಗ, ಬೆಲೆಯನ್ನು ಬೇರೆಯವರ ತಲೆಗೆ ಕಟ್ಟಿ ತಾನು ದೂರ ನಿಲ್ಲುವ ವೈದ್ಯನನ್ನು ನೆನೆಯದಿರಲಾರನು. ಎಲೆಗಳನ್ನು ಮತ್ತೆ ಕಲಸಿ ಕಟ್ಟಿನೊಳಗಿಡಬಹುದು; ಬಲಿಯಾದ ಎಲುಬುಗೂಡೂ ಹಾವೂ ಮುಂದಿನ ಆಟಕ್ಕೆ ಎದ್ದು ಬರುತ್ತವೆ. ಮನುಷ್ಯರ ವಿಷಯದಲ್ಲಿ ಆ ಅನುಕೂಲವಿಲ್ಲವೆಂಬುದನ್ನು ಎಳೆಯ ವಯಸ್ಸಿನಲ್ಲಿಯೇ ಅರಿತರೆ ಅದಕ್ಕಿಂತ ದೊಡ್ಡ ಗೆಲುವು ಬೇರೊಂದಿಲ್ಲ.